ಕಾಲಿನ ಹೆಪ್ಪು, ಎದೆಯ ಆಪತ್ತು

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನೆರವೇರಿ, ಗಾಯ ಮಾಯುತ್ತ ಬಂದು, ರೋಗಿಯನ್ನು ಇನ್ನೆರಡು ದಿನಗಳಲ್ಲಿ ಮನೆಗೆ ಕಳುಹಿಸಬಹುದೆಂದು ವೈದ್ಯರು ಹೇಳಿರುತ್ತಾರೆ. ರೋಗಿ ಬಚ್ಚಲಿಗೆ ಹೋಗಲೆಂದು ಹಾಸಿಗೆಯಿಂದೆದ್ದು ನಾಲ್ಕು ಹೆಜ್ಜೆ ಇಟ್ಟೊಡನೆ ಏದುಸಿರು ಬಿಡುತ್ತ ಕುಸಿದು ಬೀಳುತ್ತಾನೆ. ಬಂಧುಗಳು ‘ಹೃದಯ ನಿಂತುಹೋಯಿತು’ ಎನ್ನುತ್ತಾರೆ. ಇಂತಹ ಆಕಸ್ಮಿಕಗಳಲ್ಲಿ ಎಷ್ಟೋ ವೇಳೆ ಕೇಡಿನ ಮೂಲ ಹೃದಯದಲ್ಲಿರುವುದಿಲ್ಲ. ದಿನಗಟ್ಟಲೆ ಅಲುಗಾಡದೆ ಬಿದ್ದಿದ್ದ ಕಾಲಿನಲ್ಲಿರುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕೊಂದು ಕಳಚಿಕೊಂಡು ಹೊರಟು, ಹೃದಯವನ್ನು ಹಾದು, ಶ್ವಾಸಕೋಶಕ್ಕೆ ರಕ್ತವನ್ನು ಒಯ್ಯುವ ನಾಳದಲ್ಲಿ ಸಿಕ್ಕಿಕೊಳ್ಳುವುದೇ ಈ ವ್ಯಾಧಿ. ವೈದ್ಯರು ಇದನ್ನು ಪಲ್ಮನರಿ ಎಂಬಾಲಿಸಂ ಎಂದು ಕರೆಯುತ್ತಾರೆ. ನಾವು ಇಲ್ಲಿ ಇದನ್ನು ಶ್ವಾಸಕೋಶದ ನಾಳರೋಧ ಎನ್ನೋಣ.

ಈ ವಿಷಯವನ್ನು ಸಾಮಾನ್ಯ ವಾಚಕರ ಮುಂದೆ ಇಡುವುದಕ್ಕೆ ಕಾರಣವುಂಟು. ವೈದ್ಯರು ರೋಗಿಯ ಬಳಿ ದಿನಕ್ಕೆ ಕೆಲವು ನಿಮಿಷಗಳು ಮಾತ್ರ ಇರಬಲ್ಲರು. ಹಗಲಿರುಳೂ ಹಾಸಿಗೆಯ ಪಕ್ಕದಲ್ಲಿರುವವರು ದಾದಿಯರು. ನಮ್ಮ ನಾಡಿನಲ್ಲಾದರೆ ದಾದಿಯರ ಜೊತೆಗೆ ತಾಯಿ, ಹೆಂಡತಿ, ಮಗ, ಅಕ್ಕತಂಗಿಯರು. ಈ ರೋಗದ ಮೊದಲ ಸುಳಿವು ಕಾಣುವುದು ಅವರ ಕಣ್ಣಿಗೇ. ಅವರು ಅದನ್ನು ಗುರುತಿಸಿದರೆ ರೋಗಿ ಉಳಿಯುವ ಸಂಭವ ಹೆಚ್ಚು. ‘ವಾಯು ಇರಬೇಕು, ಗಾಬರಿಯಿರಬೇಕು’ ಎಂದು ಕಡೆಗಣಿಸಿದರೆ ಮತ್ತೊಂದು ಹೆಪ್ಪು ಬರುವವರೆಗೂ ಕಾದಂತಾಗುತ್ತದೆ.

ಮೊದಲು ರಕ್ತ ಸಾಗುವ ಹಾದಿಯನ್ನು ನೋಡೋಣ. ಹೃದಯದ ಎಡಭಾಗದಿಂದ ಹೊರಟ ರಕ್ತ ಅಪಧಮನಿಗಳ ಮೂಲಕ ಕಾಲಿನ ತುದಿಯವರೆಗೂ ಇಳಿಯುತ್ತದೆ. ಅಲ್ಲಿಂದ ಅದು ಅಭಿಧಮನಿಗಳ ಮೂಲಕ ಮೇಲಕ್ಕೆ ಹಿಂದಿರುಗಬೇಕು. ಈ ಏರುದಾರಿಯಲ್ಲಿ ಹೃದಯದ ಒತ್ತಡ ಬಹುಮಟ್ಟಿಗೆ ಉಡುಗಿರುತ್ತದೆ. ಆದುದರಿಂದ ಪ್ರಕೃತಿ ಮತ್ತೊಂದು ಏರ್ಪಾಟನ್ನು ಮಾಡಿದೆ. ನಾವು ನಡೆದಾಗಲೆಲ್ಲ ಮೀನಖಂಡದ ಸ್ನಾಯುಗಳು ಆಳದಲ್ಲಿರುವ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ನಾಳದೊಳಗಿನ ಕವಾಟಗಳು ಅದು ಮತ್ತೆ ಕೆಳಕ್ಕೆ ಜಾರದಂತೆ ತಡೆಯುತ್ತವೆ. ಹೀಗೆ ಮೇಲೇರಿದ ರಕ್ತ ಹೊಟ್ಟೆಯೊಳಗಿನ ಮಹಾಭಿಧಮನಿಯನ್ನು ಸೇರಿ, ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನೊಬ್ಬನ ಹೃದಯ ನಿಮಿಷಕ್ಕೆ ಸುಮಾರು ೫ ಲೀಟರು ರಕ್ತವನ್ನು ಶ್ವಾಸಕೋಶಕ್ಕೆ ಕಳುಹಿಸುತ್ತದೆ. ಕಾಲಿನಿಂದ ಹೃದಯದವರೆಗೆ ನಾಳಗಳು ಹಿರಿದಾಗುತ್ತಲೇ ಹೋಗುತ್ತವೆ. ಶ್ವಾಸಕೋಶವನ್ನು ಹೊಕ್ಕ ಮೇಲೆ ಕವಲೊಡೆದು ಕಿರಿದಾಗುತ್ತವೆ. ಕಾಲಿನಿಂದ ಹೊರಟ ಹೆಪ್ಪು ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಶ್ವಾಸಕೋಶದಲ್ಲಿಯೇ ಬಂದು ತಡೆಯಲು ಇದೇ ಕಾರಣ.

ಈ ಸಂಬಂಧವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವನು ಜರ್ಮನಿಯ ರುಡಾಲ್ಫ್ ವಿರ್ಕೋ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಈತ ಮೃತದೇಹಗಳನ್ನು ಕೊಯ್ದು ಪರೀಕ್ಷಿಸುತ್ತಿದ್ದಾಗ, ಶ್ವಾಸಕೋಶದ ನಾಳಗಳಲ್ಲಿ ಕಂಡ ಹೆಪ್ಪುಗಳು ಅಲ್ಲಿಯೇ ಹುಟ್ಟಿದವಲ್ಲ, ದೂರದ ಅಭಿಧಮನಿಗಳಿಂದ ತೇಲಿಬಂದವು ಎಂದು ನಿರ್ಣಯಿಸಿದನು. ರಕ್ತನಾಳದಲ್ಲಿ ಅಕಾಲಿಕವಾಗಿ ಹೆಪ್ಪು ಹುಟ್ಟುವುದಕ್ಕೆ ಮೂರು ಕಾರಣಗಳನ್ನು ಇಂದಿಗೂ ಅವನ ಹೆಸರಿನಲ್ಲಿಯೇ ಹೇಳುವ ರೂಢಿಯಿದೆ. ರಕ್ತದ ಹರಿವು ನಿಧಾನವಾಗುವುದು ಒಂದು. ನಾಳದ ಒಳಗೋಡೆಗೆ ಪೆಟ್ಟಾಗುವುದು ಎರಡು. ರಕ್ತವೇ ಬೇಗ ಹೆಪ್ಪುಗಟ್ಟುವ ಸ್ವಭಾವವನ್ನು ತಳೆಯುವುದು ಮೂರು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಗೆ ಒಳಗಾಗಿ ಮಲಗಿರುವ ವೃದ್ಧೆಯಲ್ಲಿ ಈ ಮೂರೂ ಒಟ್ಟಿಗೆ ಸೇರಿರುತ್ತವೆ ಎಂಬುದನ್ನು ವಾಚಕರು ತಾವೇ ಊಹಿಸಬಹುದು.

ಹರಿವು ನಿಧಾನವಾದರೆ ಏನಾಗುತ್ತದೆಂಬುದಕ್ಕೆ ಎರಡನೆಯ ಮಹಾಯುದ್ಧದ ಕಾಲದ ಒಂದು ನಿದರ್ಶನವುಂಟು. ೧೯೪೦ರಲ್ಲಿ ಲಂಡನ್ ನಗರದ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಜನರು ರಾತ್ರಿಯೆಲ್ಲ ನೆಲಮಾಳಿಗೆಗಳಲ್ಲಿ ಬಟ್ಟೆಯ ಮಡಿಸುಕುರ್ಚಿಗಳ ಮೇಲೆ ಕುಳಿತು ಕಾಲ ಕಳೆಯುತ್ತಿದ್ದರು. ಅವರಲ್ಲಿ ಕೆಲವರು ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿನಲ್ಲಿಯೇ ಸತ್ತರು. ಮರಣ ಪರೀಕ್ಷೆ ನಡೆಸಿದ ವೈದ್ಯ ಕೀತ್ ಸಿಂಪ್ಸನ್ ಅವರಿಗೆ ಕಂಡುಬಂದದ್ದು ಬಾಂಬಿನ ಗಾಯವಲ್ಲ, ಶ್ವಾಸಕೋಶದ ನಾಳರೋಧ. ಕುರ್ಚಿಯ ಮುಂದಿನ ಮರದ ಪಟ್ಟಿ ತೊಡೆಯ ಹಿಂಭಾಗವನ್ನು ಒತ್ತಿ, ಕಾಲಿನ ರಕ್ತ ಗಂಟೆಗಟ್ಟಲೆ ನಿಂತುಹೋಗುತ್ತಿತ್ತು. ಕುಳಿತುಕೊಳ್ಳುವ ಬದಲು ಮಲಗಲು ಅನುಕೂಲ ಮಾಡಬೇಕೆಂದು ಅವರು ಆ ವರ್ಷವೇ ವೈದ್ಯಪತ್ರಿಕೆಯಲ್ಲಿ ಬರೆದರು. ವಿಮಾನದಲ್ಲಿಯೋ ಬಸ್ಸಿನಲ್ಲಿಯೋ ದೀರ್ಘಕಾಲ ಕಾಲು ಮಡಿಸಿಕೊಂಡೇ ಕುಳಿತಿರುವವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಹಾಗೆಂದು ಮಲಗಿರುವುದೇ ಕ್ಷೇಮವೆಂದು ತಿಳಿಯಬಾರದು. ಹಿಂದೆ ಶಸ್ತ್ರಚಿಕಿತ್ಸೆಯಾದವರನ್ನೂ ಹೆತ್ತ ತಾಯಂದಿರನ್ನೂ ವಾರಗಟ್ಟಲೆ ಹಾಸಿಗೆಯಿಂದ ಏಳಗೊಡಿಸದೆ ಇರುವುದೇ ಒಳ್ಳೆಯ ಶುಶ್ರೂಷೆ ಎನ್ನಿಸಿಕೊಂಡಿತ್ತು. ೧೯೪೦ರ ದಶಕದಿಂದೀಚೆಗೆ ಈ ಅಭಿಪ್ರಾಯ ಕ್ರಮೇಣ ತಿರುವುಮುರುವಾಯಿತು. ಈಗ ಶಸ್ತ್ರಚಿಕಿತ್ಸೆಯ ದಿನವೇ ಅಥವಾ ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಇದು ಆಸ್ಪತ್ರೆಯವರ ಅವಸರವಲ್ಲ, ಚಿಕಿತ್ಸೆಯ ಒಂದು ಅಂಗ.

ಬಾಣಂತಿಯರ ವಿಚಾರವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಗರ್ಭಿಣಿಯ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವ ಗುಣವನ್ನು ಪಡೆಯುತ್ತದೆ. ಹೆರಿಗೆಯ ರಕ್ತಸ್ರಾವವನ್ನು ತಡೆಯಲು ಪ್ರಕೃತಿ ಮಾಡಿದ ಸಿದ್ಧತೆ ಅದು. ಆದರೆ ಈ ಗುಣ ಹೆರಿಗೆಯಾದೊಡನೆ ಮಾಯವಾಗುವುದಿಲ್ಲ. ಅಪಾಯ ಮುಂದಿನ ಆರು ವಾರಗಳವರೆಗೂ ಉಳಿದಿರುತ್ತದೆ. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದರೆ ಇನ್ನೂ ಹೆಚ್ಚು. ನಮ್ಮ ಮನೆಗಳ ಬಾಣಂತನದಲ್ಲಿ ಅಕ್ಕರೆಗೆ ಕೊರತೆಯಿಲ್ಲ. ಆದರೆ ಬಾಣಂತಿಯನ್ನು ಸದಾ ಮಲಗಿಸಿಯೇ ಇಡುವುದು, ಶೀತವಾಗುತ್ತದೆಂದು ಕುಡಿಯುವ ನೀರನ್ನು ಅಳೆದು ಕೊಡುವುದು, ಇವೆರಡೂ ರಕ್ತದ ಹರಿವಿಗೆ ಅಡ್ಡಿ. ಅವಳಿಗೆ ಬೇಕಾದಷ್ಟು ಕಾಯಿಸಿದ ನೀರನ್ನು ಕೊಟ್ಟು, ಮನೆಯೊಳಗೆ ನಿತ್ಯವೂ ನಾಲ್ಕಾರು ಬಾರಿ ಓಡಾಡಗೊಡಿಸುವುದರಿಂದ ಬಾಣಂತನದ ಸೌಖ್ಯಕ್ಕೆ ಯಾವ ಲೋಪವೂ ಬಾರದು.

ಇನ್ನು ಲಕ್ಷಣಗಳಿಗೆ ಬರೋಣ. ಕಾಲು ಕೆಲವೊಮ್ಮೆ ಮುನ್ಸೂಚನೆ ಕೊಡುತ್ತದೆ. ಒಂದೇ ಕಾಲು ಊದಿಕೊಳ್ಳುವುದು, ಮೀನಖಂಡ ನೋಯುವುದು, ಮುಟ್ಟಿದರೆ ಬಿಸಿಯೆನ್ನಿಸುವುದು, ಚರ್ಮ ಕೆಂಪೇರುವುದು, ಇವು ಆಳದ ಅಭಿಧಮನಿಯಲ್ಲಿ ಹೆಪ್ಪು ಕಟ್ಟಿರುವುದರ ಚಿಹ್ನೆಗಳು. ಎರಡು ಕಾಲುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಅಳತೆಯ ಪಟ್ಟಿಯಿಂದ ಸುತ್ತಳತೆ ತೆಗೆದರೆ ವ್ಯತ್ಯಾಸ ತಿಳಿಯುತ್ತದೆ. ಇಂತಹ ಕಾಲನ್ನು ಎಣ್ಣೆ ಹಚ್ಚಿ ನೀವುವುದು ಅತ್ಯಂತ ಅಪಾಯಕರ. ನೋವು ಕಂಡಲ್ಲಿ ತಿಕ್ಕುವುದು ನಮ್ಮ ಕೈಗಳ ಅಭ್ಯಾಸ. ಆದರೆ ಇಲ್ಲಿ ಆ ಕೈಯೇ ಹೆಪ್ಪನ್ನು ಕಳಚಿ ಎದೆಗೆ ಕಳುಹಿಸಬಹುದು. ಮತ್ತೊಂದು ಮಾತನ್ನೂ ನೆನಪಿಡಬೇಕು: ಕಾಲಿನಲ್ಲಿ ಯಾವ ಚಿಹ್ನೆಯೂ ಕಾಣದೆ ನೇರವಾಗಿ ಎದೆಯಲ್ಲಿಯೇ ರೋಗ ತೋರಿಕೊಳ್ಳುವುದೂ ಉಂಟು.

ಎದೆಯ ಲಕ್ಷಣಗಳಲ್ಲಿ ಮುಖ್ಯವಾದದ್ದು ಕಾರಣವಿಲ್ಲದೆ ಥಟ್ಟನೆ ಬರುವ ಉಬ್ಬಸ. ಶ್ವಾಸಕೋಶದ ಆ ಭಾಗಕ್ಕೆ ಗಾಳಿ ಎಂದಿನಂತೆ ಬರುತ್ತಿರುತ್ತದೆ. ಆದರೆ ಆ ಗಾಳಿಯಿಂದ ಆಮ್ಲಜನಕವನ್ನು ಪಡೆಯಬೇಕಾದ ರಕ್ತ ಬರುತ್ತಿರುವುದಿಲ್ಲ. ಅಂಗಡಿ ತೆರೆದಿದ್ದರೂ ಕೊಳ್ಳುವವರು ಬರುವ ಬೀದಿ ಮುಚ್ಚಿದಂತೆ. ಆದುದರಿಂದಲೇ ಎದೆಗೆ ಸ್ಟೆಥಾಸ್ಕೋಪು ಇಟ್ಟು ಕೇಳಿದರೆ ಅನೇಕ ವೇಳೆ ಉಸಿರಿನ ಶಬ್ದ ಶುದ್ಧವಾಗಿಯೇ ಇರುತ್ತದೆ. ರೋಗಿ ಏದುತ್ತಿದ್ದಾನೆ, ಎದೆಯಲ್ಲಿ ಕಫದ ಸದ್ದಿಲ್ಲ ಎಂದಾದರೆ ಅದೇ ಒಂದು ಸುಳಿವು. ಇದರ ಜೊತೆಗೆ ಉಸಿರೆಳೆದಾಗ ಚೂರಿಯಿಂದ ಇರಿದಂತೆ ಪಕ್ಕೆನೋವು, ಕೆಮ್ಮು, ಕಫದಲ್ಲಿ ರಕ್ತದ ಎಳೆ, ಅಲ್ಪಜ್ವರ ಇರಬಹುದು. ನಾಡಿ ನಿಮಿಷಕ್ಕೆ ೧೦೦ನ್ನು ಮೀರುತ್ತದೆ; ಸಾಮಾನ್ಯವಾಗಿ ೧೨ರಿಂದ ೨೦ರವರೆಗೆ ಇರಬೇಕಾದ ಉಸಿರಾಟ ಅದಕ್ಕಿಂತ ಹೆಚ್ಚುತ್ತದೆ. ‘ನನಗೇನೋ ಆಗುತ್ತಿದೆ, ನಾನು ಉಳಿಯುವುದಿಲ್ಲ’ ಎಂದು ರೋಗಿ ಚಡಪಡಿಸುವುದೂ ಇದೆ. ಈ ಮಾತನ್ನು ಹೆದರಿಕೆಯೆಂದು ತಳ್ಳಿಹಾಕಬಾರದು. ರಕ್ತದಲ್ಲಿ ಆಮ್ಲಜನಕ ತಗ್ಗಿದಾಗ ಮೊದಲು ಕಳವಳಗೊಳ್ಳುವುದು ಮೆದುಳೇ.

ಹೆಪ್ಪು ದೊಡ್ಡದಾಗಿದ್ದರೆ ಅಪಾಯ ಬೇರೊಂದು ಬಗೆಯದು. ಹೃದಯದ ಬಲ ಹೃತ್ಕುಕ್ಷಿಯ ಗೋಡೆ ತೆಳ್ಳನೆಯದು. ಶ್ವಾಸಕೋಶದ ಕಡಮೆ ಒತ್ತಡದ ದಾರಿಗೆ ತಕ್ಕಂತೆ ರಚಿತವಾದದ್ದು. ಮುಂದಿನ ದಾರಿ ಫಕ್ಕನೆ ಮುಚ್ಚಿದರೆ ಅದು ಹಿಗ್ಗಿ ಸೋತುಹೋಗುತ್ತದೆ. ಆಗ ಎಡಭಾಗಕ್ಕೆ ರಕ್ತವೇ ಬಾರದೆ ರಕ್ತದ ಒತ್ತಡ ಕುಸಿಯುತ್ತದೆ, ರೋಗಿ ಮೂರ್ಛೆ ಹೋಗುತ್ತಾನೆ, ಕುತ್ತಿಗೆಯ ಅಭಿಧಮನಿಗಳು ಉಬ್ಬಿ ಕಾಣುತ್ತವೆ. ಮೇಲಿನ ಒತ್ತಡ ೯೦ಕ್ಕಿಂತ ಕೆಳಗಿಳಿದು ಹಾಗೆಯೇ ನಿಂತರೆ ಪರಿಸ್ಥಿತಿ ವಿಷಮಿಸಿತೆಂದು ತಿಳಿಯಬೇಕು.

ಇಂತಹ ಸಂದರ್ಭದಲ್ಲಿ ದಾದಿ ಮಾಡತಕ್ಕದ್ದೇನು? ರೋಗಿಯನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಇದ್ದಲ್ಲಿಂದಲೇ ನೆರವಿಗೆ ಕರೆಯಬೇಕು. ಅವನನ್ನು ನಡೆಸಬಾರದು. ಒತ್ತಡ ಕುಸಿದಿಲ್ಲವಾದರೆ ಹಾಸಿಗೆಯ ತಲೆಭಾಗವನ್ನು ಎತ್ತರಿಸಿ ಒರಗಿಸಿ ಕೂರಿಸಬೇಕು. ಕುಸಿದಿದ್ದರೆ ಮಟ್ಟಸವಾಗಿ ಮಲಗಿಸಬೇಕು. ಆಮ್ಲಜನಕವನ್ನು ಕೊಡಬೇಕು. ನಾಡಿ, ಉಸಿರು, ಒತ್ತಡ, ಆಮ್ಲಜನಕದ ಪ್ರಮಾಣ ಇವನ್ನು ನೋಡಿ ಗಂಟೆ ನಿಮಿಷಗಳೊಡನೆ ಬರೆದಿಡಬೇಕು. ಸೂಜಿಯ ಮೂಲಕ ಔಷಧ ಕೊಡಲು ರಕ್ತನಾಳದಲ್ಲಿ ದಾರಿಯನ್ನು ಸಿದ್ಧಪಡಿಸಬೇಕು. ಒತ್ತಡ ಇಳಿದಿದೆಯೆಂದು ವೈದ್ಯರ ಅಪ್ಪಣೆಯಿಲ್ಲದೆ ಬಾಟಲಿಗಟ್ಟಲೆ ಲವಣದ್ರವವನ್ನು ಏರಿಸಬಾರದು. ಮೊದಲೇ ಹಿಗ್ಗಿರುವ ಬಲ ಹೃತ್ಕುಕ್ಷಿಗೆ ಅದು ಇನ್ನೊಂದು ಹೊರೆ. ವೈದ್ಯರಿಗೆ ತಿಳಿಸುವಾಗ ‘ರೋಗಿಗೆ ಸರಿಯಿಲ್ಲ’ ಎಂದರೆ ಸಾಲದು. ‘ಸೊಂಟದ ಶಸ್ತ್ರಚಿಕಿತ್ಸೆಯಾಗಿ ಐದನೆಯ ದಿನ, ಹತ್ತು ನಿಮಿಷದ ಹಿಂದೆ ಉಬ್ಬಸ ಬಂತು, ನಾಡಿ ೧೨೪, ಉಸಿರು ೩೦, ಎಡಗಾಲು ಊದಿದೆ’ ಎಂದು ಹೇಳಿದರೆ ಕೇಳಿದವರ ಮನಸ್ಸಿನಲ್ಲಿ ರೋಗದ ಚಿತ್ರ ಒಡನೆಯೇ ಮೂಡುತ್ತದೆ. ಮನೆಯಲ್ಲಿ ಹೀಗಾದರೆ ಬಂಧುಗಳು ರೋಗಿಯನ್ನು ಅಲುಗಾಡಿಸದೆ ಕೂರಿಸಿ ತಡಮಾಡದೆ ೧೦೮ಕ್ಕೆ ಕರೆಮಾಡಬೇಕು.

ಕೋವಿಡ್ ಪಿಡುಗು ಹಬ್ಬಿದ ೨೦೨೦ರಿಂದೀಚೆಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಅನೇಕ ಮನೆಗಳನ್ನು ಸೇರಿದೆ. ಅದು ಉಪಯುಕ್ತವಾದ ಉಪಕರಣವೇ. ಆದರೆ ಅದರಲ್ಲಿ ಅಂಕಿ ಸರಿಯಾಗಿದ್ದ ಮಾತ್ರಕ್ಕೆ ನಾಳರೋಧವಿಲ್ಲವೆಂದು ನಿರ್ಧರಿಸಲಾಗದು. ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸುವ ಹಳೆಯ ಪದ್ಧತಿಗೆ ಇನ್ನೂ ಬೆಲೆಯುಂಟು. ೧೮೫೯ರಲ್ಲಿ ಶುಶ್ರೂಷೆಯನ್ನು ಕುರಿತು ಪುಸ್ತಕ ಬರೆದ ಫ್ಲಾರೆನ್ಸ್ ನೈಟಿಂಗೇಲರು ರೋಗಿಯನ್ನು ಗಮನಿಸುವ ಬಗೆಗೇ ಒಂದು ಅಧ್ಯಾಯವನ್ನು ಮೀಸಲಿಟ್ಟದ್ದು ಸುಮ್ಮನೆ ಅಲ್ಲ.

ಆಸ್ಪತ್ರೆಯಲ್ಲಿ ಮುಂದೆ ನಡೆಯುವ ಪರೀಕ್ಷೆಗಳೂ ಈ ಗಮನಿಸುವಿಕೆಯ ಮೇಲೆಯೇ ನಿಂತಿವೆ. ಕೆನಡದ ವೈದ್ಯ ಫಿಲಿಪ್ ವೆಲ್ಸರು ರೂಪಿಸಿದ ಅಂಕಪಟ್ಟಿಯಲ್ಲಿ ಕಾಲಿನ ಊತ, ನೂರು ಮೀರಿದ ನಾಡಿ, ಕಳೆದ ನಾಲ್ಕು ವಾರಗಳೊಳಗಿನ ಶಸ್ತ್ರಚಿಕಿತ್ಸೆ, ಹಿಂದೆ ಬಂದಿದ್ದ ಹೆಪ್ಪು, ಕಫದಲ್ಲಿ ರಕ್ತ, ಅರ್ಬುದರೋಗ ಮೊದಲಾದವುಗಳಿಗೆ ಅಂಕಗಳಿವೆ. ಅಂಕ ಕಡಮೆಯಾದರೆ ಡಿ-ಡೈಮರ್ ಎಂಬ ರಕ್ತಪರೀಕ್ಷೆಯಿಂದ ರೋಗವಿಲ್ಲವೆಂದು ಬಹುಮಟ್ಟಿಗೆ ಖಚಿತಪಡಿಸಿಕೊಳ್ಳಬಹುದು. ಹೆಚ್ಚಾದರೆ ನಾಳಗಳಿಗೆ ಬಣ್ಣದ ಔಷಧವನ್ನು ಹಾಯಿಸಿ ಸಿ.ಟಿ. ಯಂತ್ರದಿಂದ ಚಿತ್ರ ತೆಗೆದು ಹೆಪ್ಪು ಇರುವ ಜಾಗವನ್ನೇ ನೋಡುತ್ತಾರೆ.

ಚಿಕಿತ್ಸೆಯ ಕಥೆ ಸ್ವಾರಸ್ಯವಾದದ್ದು. ೧೯೦೮ರಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಎಂಬ ಶಸ್ತ್ರವೈದ್ಯನು ಎದೆಯನ್ನು ತೆರೆದು ಹೆಪ್ಪನ್ನು ಕೀಳುವ ಸಾಹಸ ಮಾಡಿದನು. ಆದರೆ ಅವನ ರೋಗಿಗಳಲ್ಲಿ ಯಾರೂ ಬದುಕಿ ಉಳಿಯಲಿಲ್ಲ. ಅವನ ಶಿಷ್ಯನಾದ ಕಿರ್ಷ್‌ನರನು ೧೯೨೪ರಲ್ಲಿ ಮೊದಲ ಸಲ ಯಶಸ್ಸು ಪಡೆದನು. ಅಷ್ಟರೊಳಗೆ ಅಮೆರಿಕದ ಬಾಲ್ಟಿಮೋರಿನಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ, ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದಾಗ, ಅದಕ್ಕೆ ತದ್ವಿರುದ್ಧವಾಗಿ ಹೆಪ್ಪನ್ನು ತಡೆಯುವ ವಸ್ತುವನ್ನು ನಾಯಿಯ ಯಕೃತ್ತಿನಿಂದ ಪಡೆದು ೧೯೧೬ರಲ್ಲಿ ಪ್ರಕಟಿಸಿದ್ದನು. ಅವನ ಗುರು ಹೊವೆಲ್ ೧೯೧೮ರಲ್ಲಿ ಇಂತಹ ವಸ್ತುವಿಗೆ ಹೆಪಾರಿನ್ ಎಂದು ಹೆಸರಿಟ್ಟನು. ಮತ್ತೊಂದು ಔಷಧ ದನದ ಕೊಟ್ಟಿಗೆಯಿಂದ ಬಂತು. ಬೂಷ್ಟು ಹಿಡಿದ ಒಂದು ಬಗೆಯ ಹುಲ್ಲನ್ನು ತಿಂದ ಹಸುಗಳು ರಕ್ತ ಸೋರಿ ಸಾಯುತ್ತಿದ್ದವು. ವಿಸ್ಕಾನ್ಸಿನ್ನಿನ ರೈತನೊಬ್ಬನು ೧೯೩೩ರಲ್ಲಿ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ರಸಾಯನಶಾಸ್ತ್ರಜ್ಞ ಕಾರ್ಲ್ ಲಿಂಕರ ಬಳಿಗೆ ಬಂದನು. ಅಲ್ಲಿಂದ ಆರಂಭವಾದ ಸಂಶೋಧನೆಯ ಫಲವೇ ವಾರ್ಫರಿನ್. ಇದು ೧೯೪೮ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, ೧೯೫೪ರಲ್ಲಿ ಮನುಷ್ಯರ ಔಷಧವಾಯಿತು.

ಈ ಬಗೆಯ ಔಷಧಗಳಿಂದ ಪ್ರಾಣ ಉಳಿಯುತ್ತದೆಯೆ ಎಂಬುದನ್ನು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು ೧೯೬೦ರಲ್ಲಿ ಪ್ರಕಟಿಸಿದ ಪರೀಕ್ಷೆ ತೋರಿಸಿತು. ಹೆಪ್ಪುನಿರೋಧಕ ಔಷಧ ಪಡೆಯದ ೧೯ ರೋಗಿಗಳಲ್ಲಿ ೫ ಮಂದಿ ನಾಳರೋಧದಿಂದಲೇ ಸತ್ತರು. ಇನ್ನೂ ೫ ಮಂದಿಗೆ ರೋಗ ಮರುಕಳಿಸಿತು. ಹೆಪಾರಿನ್ನನ್ನೂ ವಾರ್ಫರಿನ್ನಿನ ಜಾತಿಯ ಇನ್ನೊಂದು ಔಷಧವನ್ನೂ ಪಡೆದ ೧೬ ಮಂದಿಯಲ್ಲಿ ಈ ರೋಗದಿಂದ ಒಬ್ಬರೂ ಸಾಯಲಿಲ್ಲ. ರೋಗವನ್ನು ಗುರುತಿಸುವುದು ಏತಕ್ಕೆ ಅಷ್ಟು ಮುಖ್ಯವೆಂಬುದು ಈ ಅಂಕಿಗಳಿಂದಲೇ ವೇದ್ಯವಾಗುತ್ತದೆ. ಈ ಔಷಧಗಳು ಇರುವ ಹೆಪ್ಪನ್ನು ಕರಗಿಸುವುದಿಲ್ಲ. ಅದು ಬೆಳೆಯದಂತೆಯೂ ಹೊಸದು ಹುಟ್ಟದಂತೆಯೂ ತಡೆಯುತ್ತವೆ. ಕರಗಿಸುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡಿಕೊಳ್ಳುತ್ತದೆ. ಪ್ರಾಣಕ್ಕೆ ತಕ್ಷಣ ಅಪಾಯವಿರುವಲ್ಲಿ ಮಾತ್ರ ಹೆಪ್ಪನ್ನು ಕರಗಿಸುವ ಪ್ರಬಲ ಔಷಧವನ್ನು ಕೊಡುತ್ತಾರೆ.

ಹೆಪ್ಪುಗಟ್ಟುವುದನ್ನು ತಡೆಯುವ ಔಷಧ ರಕ್ತಸ್ರಾವಕ್ಕೆ ಎಡೆಗೊಡುವುದು ಸಹಜ. ಆದುದರಿಂದ ಚಿಕಿತ್ಸೆಯ ಕಾಲದಲ್ಲಿ ದಾದಿಯ ಗಮನ ಮತ್ತೊಂದು ಕಡೆಗೆ ತಿರುಗಬೇಕು. ವಸಡಿನಲ್ಲಿ ರಕ್ತ, ಕೆಂಪು ಮೂತ್ರ, ಕಪ್ಪು ಮಲ, ಕಾರಣವಿಲ್ಲದ ನೀಲಿಗಟ್ಟಿದ ಕಲೆಗಳು, ಹಠಾತ್ತಾದ ತಲೆನೋವು ಅಥವಾ ಮಂಕು, ಇವು ಕಂಡೊಡನೆ ತಿಳಿಸಬೇಕು. ಸ್ನಾಯುವಿಗೆ ಸೂಜಿ ಚುಚ್ಚುವುದನ್ನು ಆದಷ್ಟು ತಪ್ಪಿಸಬೇಕು. ಹೊಟ್ಟೆಯ ಚರ್ಮದಡಿ ಹೆಪಾರಿನ್ ಚುಚ್ಚಿದ ಮೇಲೆ ಆ ಜಾಗವನ್ನು ಉಜ್ಜಬಾರದು. ಹಲ್ಲುಜ್ಜಲು ಮೃದುವಾದ ಬ್ರಷ್ಷೇ ಇರಲಿ.

ಎಲ್ಲಕ್ಕಿಂತ ಮೇಲಾದದ್ದು ರೋಗ ಬಾರದಂತೆ ತಡೆಯುವುದು. ಲಂಡನ್ನಿನಲ್ಲಿದ್ದ ಭಾರತೀಯ ಮೂಲದ ಶಸ್ತ್ರವೈದ್ಯ ವಿಜಯ್ ಕಕ್ಕರ್ ಅವರ ನೇತೃತ್ವದಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ನಡೆಸಿದ ಪರೀಕ್ಷೆಯ ಫಲ ೧೯೭೫ರಲ್ಲಿ ಪ್ರಕಟವಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸಾ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಅಲ್ಪಪ್ರಮಾಣದ ಹೆಪಾರಿನ್ ಕೊಟ್ಟರು. ಅದನ್ನು ಪಡೆಯದವರಲ್ಲಿ ೧೬ ಮಂದಿ ನಾಳರೋಧದಿಂದ ಸತ್ತರೆ, ಪಡೆದವರಲ್ಲಿ ಸತ್ತವರು ೨ ಮಂದಿ. ಕಕ್ಕರ್ ಅವರು ಸ್ಥಾಪಿಸಿದ ಹೆಪ್ಪುರೋಗ ಸಂಶೋಧನ ಸಂಸ್ಥೆಯ ಒಂದು ಶಾಖೆ ನಮ್ಮ ಬೆಂಗಳೂರಿನಲ್ಲಿಯೂ ಆರಂಭವಾಯಿತೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಆದರೆ ಔಷಧವೊಂದನ್ನೇ ನೆಚ್ಚಬೇಕಾಗಿಲ್ಲ. ಹಾಸಿಗೆಯಲ್ಲಿರುವಾಗಲೂ ಪಾದಗಳನ್ನು ಗಂಟೆಗೆ ಕೆಲವು ಬಾರಿ ಮೇಲಕ್ಕೂ ಕೆಳಕ್ಕೂ ಆಡಿಸುವುದು, ಮಂಡಿಯ ಕೆಳಗೆ ದಿಂಬು ಒತ್ತರಿಸದಿರುವುದು, ಕಾಲ ಮೇಲೆ ಕಾಲು ಹಾಕಿಕೊಳ್ಳದಿರುವುದು, ಸಾಕಷ್ಟು ನೀರು ಕುಡಿಯುವುದು, ವೈದ್ಯರು ಒಪ್ಪಿದೊಡನೆ ನಡೆಯುವುದು, ಇವಕ್ಕೆ ಕಾಸಿನ ಖರ್ಚಿಲ್ಲ.

ಮನೆಗೆ ಮರಳುವ ರೋಗಿ ಸಾಮಾನ್ಯವಾಗಿ ಮೂರು ತಿಂಗಳಾದರೂ ಔಷಧವನ್ನು ಮುಂದುವರಿಸಬೇಕಾಗುತ್ತದೆ. ಮೈ ಹಗುರವಾಯಿತೆಂದು ತಾನೇ ನಿಲ್ಲಿಸುವುದು ಸಲ್ಲದು. ವಾರ್ಫರಿನ್ ಸೇವಿಸುವವರು ನಿಯಮಿತವಾಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಔಷಧದ ಬಲವನ್ನು ಕುಗ್ಗಿಸುತ್ತದೆ. ಆದುದರಿಂದ ಸೊಪ್ಪನ್ನು ಬಿಡಬೇಕಾಗಿಲ್ಲ. ಒಂದು ವಾರ ದಿನವೂ ಬಸ್ಸಾರು, ಮರುವಾರ ಸೊಪ್ಪಿನ ಸುದ್ದಿಯೇ ಇಲ್ಲ ಎಂಬಂತಾಗದೆ, ತಿನ್ನುವ ಪ್ರಮಾಣ ಹೆಚ್ಚುಕಡಮೆ ಒಂದೇ ಆಗಿರಲಿ. ನೋವಿನ ಮಾತ್ರೆಯನ್ನಾಗಲಿ ನಾಟಿ ಔಷಧವನ್ನಾಗಲಿ ವೈದ್ಯರಿಗೆ ತಿಳಿಸದೆ ನುಂಗಬಾರದು. ಈಚಿನ ವರ್ಷಗಳಲ್ಲಿ ಬಂದಿರುವ ರಿವರಾಕ್ಸಬಾನ್, ಅಪಿಕ್ಸಬಾನ್ ಮೊದಲಾದ ಮಾತ್ರೆಗಳಿಗೆ ಈ ಬಗೆಯ ರಕ್ತಪರೀಕ್ಷೆ ಬೇಕಿಲ್ಲ. ಆದರೆ ಹೊತ್ತು ತಪ್ಪಿಸದೆ ತೆಗೆದುಕೊಳ್ಳುವುದು ಅಗತ್ಯ.

ಆಸ್ಪತ್ರೆಯಲ್ಲಿ ಬಂಧುವಿನ ಪಕ್ಕದಲ್ಲಿ ಕುಳಿತಿರುವ ವಾಚಕರು ಮೂರು ಸಂಗತಿಗಳನ್ನು ನೆನಪಿಟ್ಟುಕೊಂಡರೆ ಸಾಕು. ದಿನಕ್ಕೊಮ್ಮೆ ಎರಡು ಕಾಲುಗಳನ್ನೂ ಹೋಲಿಸಿ ನೋಡುವುದು. ಊದಿದ ಕಾಲನ್ನು ತಿಕ್ಕದಿರುವುದು. ಹೊಸದಾಗಿ ಉಬ್ಬಸ ಕಂಡರೆ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ದಾದಿಯನ್ನು ಕರೆಯುವುದು. ನಡುರಾತ್ರಿಯಲ್ಲಿ ಎಬ್ಬಿಸಿದರೆ ಅವರು ಬೇಸರಪಟ್ಟಾರೆಂಬ ಸಂಕೋಚ ಬೇಡ. ಅವರು ಎಚ್ಚರವಾಗಿರುವುದು ಅದಕ್ಕಾಗಿಯೇ.